ಗೇಟಿನೆದುರು ಅಂಗಡಿ

ಆ ಹುಡುಗಿ ಫಾರಂ ಹಿಡಿದು ಬಂದಿದ್ದಳು, ಯಾವುದೋ ಕಾಲೇಜಿನಿಂದ.
ಮಕ್ಕಳು ಏನು ತಿಂತಾರೆ, ಎಷ್ಟು ಆಡ್ತಾರೆ,
ಯಾಕೆ ಹಾಗೆ, ಅದರ ಲೆಕ್ಕವಂತೆ.
ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು.
ಬಿಸಿಲು. ಸ್ಟೂಲು ಕೊಟ್ಟೆ, ನೀರು ಕೊಟ್ಟೆ.
ನನ್ನನ್ನೇ ಕೇಳಿದಳು.

ಸುಂಕದಕಟ್ಟೆಯಲ್ಲಿ ಆರಡಿ ಅಂಗಡಿ ನನ್ನದು,
ಹದಿನಾಲ್ಕು ವರ್ಷದ್ದು.
ಐದು ರೂಪಾಯಿ ಪೊಟ್ಟಣಗಳ ತೋರಣ ಕಟ್ಟಿ
ದಿನಾ ಹಬ್ಬ ಮಾಡ್ತೀನಿ.
ಗಾಳಿ ಬಂದರೆ ಸರಸರ ಅನ್ನುತ್ತೆ;
ಒಳಗಿರೋದೂ ಮುಕ್ಕಾಲು ಅದೇ ಗಾಳಿ.

ಬರ್ಕೋ ಅಮ್ಮಾ.
ಒಂಬತ್ತನೇ ಕ್ಲಾಸಿನ ಕೆಂಪರಾಜು.
ಅವನವ್ವ ಏಳೂವರೆಗೆ ಗಾರ್ಮೆಂಟ್ಸಿನ ವ್ಯಾನು ಹತ್ತಬೇಕು.
ದಿಂಬಿನ ಕೆಳಗೆ ಹತ್ತು ರೂಪಾಯಿ ಇಟ್ಟು ಹೋಗ್ತಾಳೆ,
ಅದು ನೇರ ನನ್ನ ಗಲ್ಲಾಪೆಟ್ಟಿಗೆಗೆ ಬರುತ್ತೆ.
ಆ ನೋಟಲ್ಲಿ ಪ್ರೀತಿ ಎಷ್ಟು, ಅವಸರ ಎಷ್ಟು,
ನಿನ್ನ ಫಾರಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಚೌಕ ಇದ್ಯಾ?

ಮುಂಚೆ ಅವನೂ ಸೇರಿ ಏಳು ಜನ,
ಹಿಂದಿನ ಖಾಲಿ ಸೈಟಲ್ಲಿ ಕ್ರಿಕೆಟ್ಟು.
ಸೈಟಿಗೆ ಬೇಲಿ ಬಂತು, ಬೇಲಿಗೆ ಗೋಡೆ ಬಂತು,
ಗೋಡೆಗೆ ನಾಲ್ಕು ಮಹಡಿ.
ಪಾರ್ಕಿಗೆ ಹೋದರು. ಚೆಂಡಾಟ ನಿಷೇಧ, ಹಸಿರು ಬೋರ್ಡು.
ಡಾಕ್ಟರು ಹೇಳಿದ್ದಾರೆ ಅಂತ ನಡೆಯೋ ಮುದುಕರಿಗೆ ಜಾಗ ಇದೆ,
ಯಾರೂ ಹೇಳದೆ ಓಡೋ ಹುಡುಗರಿಗಿಲ್ಲ.
ಈಗ ಆ ಏಳೂ ಜನ ನನ್ನ ಮೆಟ್ಟಿಲ ಮೇಲೆ,
ಒಂದು ಫೋನಿಗೆ ಏಳು ತಲೆ.
ಅದರೊಳಗೆ ಯಾವನೋ ಓಡ್ತಾ ಇರ್ತಾನೆ.

ಪಿ.ಟಿ. ಪೀರಿಯಡ್ಡಾ?
ಎಸ್ಸೆಸ್ಸೆಲ್ಸಿ ಹತ್ತಿರ ಬಂತಂದರೆ
ಬಸ್ಸಿನ ಸೀಟಿಗೆ ಟವೆಲ್ಲು ಎಸೆದಂಗೆ
ಗಣಿತದ ಮೇಷ್ಟ್ರು ಬಂದು ಹಿಡ್ಕೋತಾರೆ.

ಹಣ್ಣು ಯಾಕೆ ಮಾರಲ್ಲ ಅಂತ ನೀನು ಕೇಳೇ ಕೇಳ್ತೀಯ.
ಮಾರಿದೆನಮ್ಮ. ಒಂದು ತಿಂಗಳು, ಸೀಬೆ,
ಉಪ್ಪು ಖಾರ ಸವರಿ, ನಾಲ್ಕು ಸೀಳು.
ಪೊಟ್ಟಣಕ್ಕೆ ನಾಲ್ಕು ತಿಂಗಳು ಆಯಸ್ಸು,
ಸೀಬೆಗೆ ಒಂದು ಮಧ್ಯಾಹ್ನ.
ಉಳಿದಿದ್ದನ್ನೆಲ್ಲ ನಾನೇ ತಿಂದೆ, ಹಲ್ಲು ಜುಮ್ಮೆನ್ನೋವರೆಗೆ.
ಒಳಗೆ ಮೊಟ್ಟೆ ಕೊಡೋ ದಿನ ನನಗೆ ವ್ಯಾಪಾರ ಇಲ್ಲ.
ಅವತ್ತು ಬೇಜಾರಾಗಲ್ಲ ಅಂದರೆ ಸುಳ್ಳು,
ಖುಷಿಯಾಗಲ್ಲ ಅಂದರೂ ಸುಳ್ಳು.
ಇದನ್ನ ಬರೀಬೇಡ.

ಇನ್ನೊಬ್ಬಳಿದಾಳೆ, ನೀಲಾಂಬಿಕೆ.
ಐದನೇ ಕ್ಲಾಸಲ್ಲಿ ಖೋಖೋ ಆಡಿದರೆ
ಕಂಬ ಸುತ್ತಿ ಅವಳು ಬಂದ ಮೇಲೆ ಜಡೆ ಬರೋದು.
ಎಂಟನೇದಕ್ಕೆ ವೇಲಿಗೆ ಪಿನ್ನು ಬಿತ್ತು, ಎರಡೂ ಭುಜಕ್ಕೆ.
ಯಾರೂ ಹೊಡೆದಿಲ್ಲ, ಗದರಿಲ್ಲ.
ದೊಡ್ಡೋಳಾದೆ ಕಣೆ ಅಂದರು, ಅಷ್ಟೆ.
ಈಗ ಬೇವಿನ ಮರದ ಕೆಳಗೆ ಕೂತು
ಆಡೋರ ಚಪ್ಪಲಿ ಕಾಯ್ತಾಳೆ.
ಸಂಜೆವರೆಗೆ ಒಂದು ಗುಟುಕು ನೀರು ಕುಡಿಯಲ್ಲ,
ಹುಡುಗೀರ ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ.
ಇದು ತಿನ್ನೋ ಲೆಕ್ಕಕ್ಕೋ, ಆಡೋ ಲೆಕ್ಕಕ್ಕೋ?
ಹುಡುಗಿ ಪೆನ್ನಿನ ತುದಿ ಕಚ್ಚಿದಳು.

ಅಷ್ಟರಲ್ಲಿ ಗಂಟೆ ಹೊಡೀತು.
ಬಿಳಿ ಅಂಗಿ, ನೀಲಿ ಲಂಗ, ಧೂಳು,
ಆಂಟೀ ಅದು, ಆಂಟೀ ಇದು, ಚಿಲ್ಲರೆ, ಕೈಗಳೇ ಕೈಗಳು.
ತೋರಣದ ಒಂದು ಸಾಲು ಖಾಲಿ.
ಆಚೆ ಬಸ್ಸು ಹೊರಟೇಬಿಟ್ಟಿತ್ತು.

ನೀಲಾಂಬಿಕೆ ನೋಡಿದಳು.
ಬ್ಯಾಗನ್ನ ಎದೆಗೆ ಅವಚಿಕೊಂಡು,
ಒಂದು ಚಪ್ಪಲಿ ಕೈಗೆ ತಗೊಂಡು,
ಆಟೋದ ಮುಂದೆ, ನೀರಿನ ಟ್ಯಾಂಕರಿನ ಹಿಂದೆ,
ಸೊಂಟ ಬಗ್ಗಿಸಿ ಕಂಬ ಸುತ್ತಿದ ಹಾಗೇ ತಿರುಗಿ
ಓಡಿದಳು, ನಮ್ಮವ್ವನಾಣೆ,
ಜಡೆ ಹಿಂದೆ ಉಳೀತು.

ಕಂಬಿ ಸಿಕ್ಕಿತು. ಬಾಗಿಲು ಮುಚ್ಚಿತು.

ಫಾರಂ ಹುಡುಗಿ ಇನ್ನೂ ಆ ಕಡೆಯೇ ನೋಡ್ತಿದ್ದಳು.
ದಿನಕ್ಕೆ ಎಷ್ಟು ನಿಮಿಷ ಅಂತ ಬರೀಲಿ ಆಂಟಿ, ಅಂದಳು.
ಹನ್ನೆರಡು ಸೆಕೆಂಡು ಇರಬಹುದು,
ಬಸ್ಸು ತಪ್ಪೋ ದಿನ ಮಾತ್ರ.