ಕಾಲಂ ಹನ್ನೊಂದು

ಸಂಜೆ ಐದಕ್ಕೆ ಹರಿಹರದಿಂದ ಫೋನು:
"ಸಿಸ್ಟರ್, ಹನ್ನೊಂದನೇ ಕಾಲಂ ಖಾಲಿ ಬಿಟ್ಟೀರಿ."

ಹನ್ನೊಂದನೇ ಕಾಲಂ ಅಂದರೆ
ಮುಂದಿನ ಸಾಲಿಗೆ ಬರಬಹುದಾದ ವಲಸೆ ಕೂಲಿಗಳ ಅಂದಾಜು;
ಆರು ವರ್ಷದೊಳಗಿನ ಮಕ್ಕಳು ಬೇರೆ, ಬಸುರಿಯರು ಬೇರೆ.
ಬರೆದಷ್ಟೇ ಲಸಿಕೆ, ಬರೆದಷ್ಟೇ ಹಾಲಿನಪುಡಿ,
ಟೆಂಟು ಶಾಲೆಗೆ ಬರೆದಷ್ಟೇ ಚಾಪೆ.

ಹತ್ತೊಂಬತ್ತು ವರ್ಷ ಭಾನುವಳ್ಳಿಯ ಈ ಏರಿಯ ಮೇಲೆ
ಐಸಿನ ಡಬ್ಬಿ ಹೆಗಲಿಗೆ ಹಾಕಿ ನಡೆದವಳು ನಾನು.
ಭದ್ರಾ ನಾಲೆಗೆ ನೀರು ಬಿಟ್ಟು, ಸಸಿಮಡಿ ಗೇಣುದ್ದ ಎದ್ದರೆ
ಲೆಕ್ಕ ತಾನಾಗಿ ಬಂದು ಕೂರುತ್ತಿತ್ತು:
ನೀಲಿ ತಾಡಪಾಲು ಎಣಿಸು, ಐದರಿಂದ ಗುಣಿಸು,
ಜಾಲಿಮರಕ್ಕೆ ಎಷ್ಟು ಜೋಲಿ ತೂಗುತ್ತಿವೆ ನೋಡು,
ಅಷ್ಟು ಬಾಯಿಗೆ ಪೋಲಿಯೋ ಹನಿ.

ದೇವದುರ್ಗದ ಹುಲಿಗೆಮ್ಮ ನಲವತ್ತು ಆಳು ಕಟ್ಟಿ ತರುವಳು.
ಎಕರೆಗಿಷ್ಟು ಅಂತ ಗುತ್ತಿಗೆ ಮಾತಾಡುವ ಮೊದಲೇ
ನನ್ನ ಕಟ್ಟೆಗೆ ಬಂದು, ಸೆರಗಿನ ಗಂಟು ಬಿಚ್ಚಿ
ತಾಯಿಕಾರ್ಡುಗಳನ್ನು ಇಸ್ಪೀಟಿನ ಹಾಗೆ ಹರಡುವಳು:
"ಇದಕ್ಕ ಎರಡು ಸೂಜಿ ಆಗ್ಯಾವ.
ಇದರವ್ವ ಕಾರ್ಡ್ ಕಳದಾಳ, ಬೈಬ್ಯಾಡ.
ಇದು ದಾರಿಯಾಗ ಹುಟ್ಟೈತಿ, ಹೆಸರಿಲ್ಲ,
ನೀನ ಏನಾರ ಬರಕೋ."
ಬರೆದೆ. ಆ ಕೂಸಿಗೆ ಈಗ ಎಂಟನೇ ಕ್ಲಾಸು,
ನಾನು ಅವಸರಕ್ಕೆ ಗೀಚಿದ ಸುಕನ್ಯಾ
ಹಾಜರಿಯಲ್ಲಿ ಇನ್ನೂ ಎದ್ದು ನಿಲ್ಲುತ್ತಾಳೆ.

ಆಮೇಲೆ ಮಾಲ್ದಾದ ಹುಡುಗರು ಬಂದರು.
ಹೆಂಗಸರಿಲ್ಲ, ಕೂಸಿಲ್ಲ; ಹಗ್ಗ ಎಳೆದಂಥ ಸಾಲು.
ನನ್ನ ಡಬ್ಬಿಯಲ್ಲಿದ್ದದ್ದು ಅವರಿಗೆ ಬೇಡ.
ಬೇಕಾದದ್ದು, ಕೆಸರು ತಿಂದ ಬೆರಳಸಂದಿಗೆ ಮುಲಾಮು,
ಇಲ್ಲಿಯೂ ಹೆಬ್ಬೆಟ್ಟು ಹಿಡಿಯುವ ರೇಷನ್ ಯಂತ್ರ,
ಅದು ಡಬ್ಬಿಯಲ್ಲಿಲ್ಲ.
ಜ್ವರಕ್ಕೆ ಸಫೀಕುಲ್ 'ಜೊರ್' ಅಂದ. ನಾನು 'ಜ್ವರ' ಅಂದೆ.
ಆ ಒಂದೇ ಶಬ್ದದಲ್ಲಿ ಎರಡು ಹಂಗಾಮು ಸಾಗಿತು.

ಈ ಸಲ ನಾಲೆಗೆ ಸರದಿ ನೀರು.
ಮೇಲಿನವರು ಗದ್ದೆ ಏರಿಸಿ ಅಡಿಕೆಸಸಿ ಇಟ್ಟರು.
ಕೆಳಗೆ, ಸಹಾಯಧನದ ಕೆಂಪು ನಾಟಿಯಂತ್ರ
ಸಸಿಯ ಚಾಪೆ ಸುರುಳಿ ಬಿಚ್ಚಿ ಬಿಚ್ಚಿ
ಟಕ ಟಕ ಟಕ,
ಮಧ್ಯಾಹ್ನದ ಬುತ್ತಿಗೆ ಮೊದಲೇ ಮೂರೆಕರೆ ಮುಗಿಸಿತು.
ಒಳ್ಳೆಯದೇ ಆಯಿತು ಅಂದೆ,
ಹುಲಿಗೆಮ್ಮನ ಸೊಂಟಕ್ಕೆ ನಾನೇ ಎಷ್ಟು ಮಾತ್ರೆ ಕೊಟ್ಟಿಲ್ಲ.
ಅಂದವಳು ನಾಲಿಗೆ ಕಚ್ಚಿಕೊಂಡೆ:
ಜಾಲಿಮರದಲ್ಲಿ ಜೋಲಿಯ ಹಗ್ಗ ಉಜ್ಜಿದ ಗುರುತು ಮಾತ್ರ.

ಅಡಿಕೆ ಫಲಕ್ಕೆ ಬರಲು ಇನ್ನೈದು ವರ್ಷ.
ಆಗ ಸುಲಿಯಲು ಯಾರೋ ಬರುತ್ತಾರೆ,
ಶೆಡ್ಡಿನೊಳಗೆ, ರಾತ್ರಿಪಾಳಿಗೆ, ಯಾವ ಭಾಷೆಯವರೋ.
ಅವರ ಕೂಸಿಗೆ ಸೂಜಿ ಯಾರ ಕೈಯದು?
ನನಗೆ ಅಷ್ಟರಲ್ಲಿ ರಿಟೈರು.
ನನ್ನ ಜಾಗಕ್ಕೆ ಆಳು ಬರುವುದೂ
ಇದೇ ಹನ್ನೊಂದನೇ ಕಾಲಮ್ಮಿನ ಮೇಲೆ.

ಹುಲಿಗೆಮ್ಮನಿಗೇ ಫೋನು ಹಚ್ಚಿದೆ.
ಪುಣೆ ಕಡೆ ಇಟ್ಟಂಗಿ ಭಟ್ಟಿಯಂತೆ; ಗಾಳಿಯಲ್ಲಿ ಕೆಮ್ಮು.
"ಇಲ್ಲಿ ಸೂಜಿ ಮಾಡೋರು ಯಾರೂ ಹಾಯಂಗಿಲ್ಲ ನರ್ಸಮ್ಮ.
ನಿನ್ನ ಬುಕ್ಕಿನ್ಯಾಗ ನಮ್ಮನ್ನ ಹಂಗ ಇಟ್ಟಿರು.
ಮಷೀನ್ ಕೆಟ್ರ ಕರೀತಾರ, ಬಂದ್ರೂ ಬಂದೇವು."

ಸೊನ್ನೆ ಬರೆದರೆ ನಿಜ. ಬಂದ ದಿನ ಡಬ್ಬಿ ಖಾಲಿ.
ನಲವತ್ತು ಬರೆದರೆ ಸುಳ್ಳು. ಉಳಿದ ಲಸಿಕೆ ವ್ಯರ್ಥ,
ಅದಕ್ಕೆ ಬೇರೆ ಕಾಲಂ, ಬೇರೆ ಜವಾಬು.
ಹಳೇ ರಿಜಿಸ್ಟರಿನಲ್ಲಾದರೆ ಪೆನ್ಸಿಲ್ಲಿತ್ತು,
ಅಂಚಿನಲ್ಲಿ 'ಕೇಳಿ ತಿಳಿಸುವುದು' ಅಂತ ಬರೆಯಬಹುದಿತ್ತು.
ಈಗ ಪುಟ್ಟ ಚೌಕ, ಅಂಕಿ ಬಿಟ್ಟು ಬೇರೇನೂ ನುಂಗದು.

ನಾಲ್ಕು ಒತ್ತಿದ್ದೇನೆ. ಪಕ್ಕದ ಸೊನ್ನೆಗೆ ಬೆರಳು ತಡೆದಿದೆ.
ಹೊರಗೆ ಯಂತ್ರದ ಹುಡುಗ ಕೈ ಕೊಯ್ದುಕೊಂಡು ನಿಂತಿದ್ದಾನೆ,
ಯಾವೂರಪ್ಪ ಅಂದರೆ ಔರಂಗಾಬಾದು, ಬಿಹಾರ ಅನ್ನುತ್ತಾನೆ.
ಅವನನ್ನು ಎಲ್ಲಿ ಸೇರಿಸುವುದು?
ಹತ್ತಿ ಹುಡುಕಿ ಬರುವಷ್ಟರಲ್ಲಿ
'ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ'
ಅನ್ನುತ್ತಿದೆ ಪರದೆ.