ಕಲಂ ಆರು

ಐದು ನಿಮಿಷಕ್ಕೊಂದು ಗುರುತು, ನನ್ನ ಕೆಲಸ ಅಷ್ಟೆ.
ಔಷಧಿ, ಡ್ರೆಸ್ಸಿಂಗ್, ಬರವಣಿಗೆ, ಮಾತು, ಓಡಾಟ;
ಆರನೆಯ ಕಲಂ: ಸುಮ್ಮನೆ.
ಅರಸೀಕೆರೆ ಆಸ್ಪತ್ರೆ, ಗಂಡಸರ ವಾರ್ಡು.
ಮೂಲೆಯ ಸ್ಟೂಲಿನಲ್ಲಿ ನಾನು,
ತೊಡೆಯ ಮೇಲೆ ಹಾಸನದ ಗೈಡ್ ಒಪ್ಪಿದ ನಮೂನೆ.

ಎರಡೂ ಮುಕ್ಕಾಲಿಗೆ ಗೂಡ್ಸ್ ಗಾಡಿ ಹೋಯಿತು,
ಕಿಟಕಿಯ ಗಾಜು ಕಟಕಟ ನಡುಗಿತು.
ಏಳನೇ ಹಾಸಿಗೆಯಲ್ಲಿ ಕೊಬ್ಬರಿ ಮಂಡಿಯ ಹಮಾಲಿ ಓಂಕಾರಪ್ಪ.
ಪಕ್ಕದಲ್ಲಿ ವನಜಾಕ್ಷಿ ಸಿಸ್ಟರ್,
ಕೈಯಲ್ಲೇನೂ ಇಲ್ಲ, ಬಾಯಲ್ಲೇನೂ ಇಲ್ಲ,
ಗೋಡೆಯ ಗಡಿಯಾರ ನೋಡುತ್ತ
ಪಾಳಿ ಮುಗಿಯಲು ಕಾದವರ ಹಾಗೆ.
ನಾನು ಆರರಲ್ಲಿ ಗುರುತು ಹಾಕಿದೆ.

'ಮೂವತ್ತನಾಲ್ಕು' ಅಂದರು, ಯಾರಿಗೂ ಅಲ್ಲದ ಹಾಗೆ.
ಆಮೇಲೆ ಸಿಲಿಂಡರಿನ ತಿರುಪು, ತಲೆಗೆ ಇನ್ನೊಂದು ದಿಂಬು,
ಡಾಕ್ಟರಿಗೆ ಫೋನು, ಚಪ್ಪಲಿಯ ಸದ್ದು;
ನನ್ನ ಪೆನ್ನಿಗೆ ಕಲಂ ಸಾಲಲಿಲ್ಲ.

ಬೆಳಗಿನ ಜಾವ ಚಹಾ ಸುರಿಯುತ್ತ ಹೇಳಿದರು:
'ಎಣಿಸೋದು ಗೊತ್ತಾದ್ರೆ ಉಸಿರು ಹುಷಾರಾಗಿಬಿಡುತ್ತೆ ಮೇಡಂ,
ಅದಕ್ಕೇ ಎತ್ತಲೋ ನೋಡ್ಬೇಕು.
ನೀವು ಬಂದಾಗಿಂದ ನಾನೂ ಅಷ್ಟೆ,
ಎರಡೆರಡು ಸಲ ಕೈ ತೊಳೀತಿದೀನಿ.'

ಮೊದಲ ವರ್ಷದ ಪಾಠ ಅದು.
ನಾನೇ ಹೇಳಿಕೊಟ್ಟಿದ್ದೇನೆ, ಬೋರ್ಡಿನ ಮೇಲೆ,
ಆರು ಬ್ಯಾಚಿಗೆ.

ಚಾರ್ಟಿನಲ್ಲಿ ತಪ್ಪಾದರೆ ಉಜ್ಜಬಾರದು,
ಒಂದೇ ಗೆರೆ ಎಳೆದು ಸಹಿ ಮಾಡಬೇಕು.
ಎಳೆದೆ. ಸಹಿ ಮಾಡಿದೆ. ಹೊತ್ತು ಬರೆದೆ.

ಹಿಂದಿನ ಮೂರು ರಾತ್ರಿಯ ಹಾಳೆ ತಿರುವಿದೆ.
ಇನ್ನೂ ನಲವತ್ತೊಂದು 'ಸುಮ್ಮನೆ'.
ಯಾವ ಹಾಸಿಗೆ, ಯಾವ ಕಡೆ ಮುಖ, ಬರೆದುಕೊಂಡಿಲ್ಲ.
ಸಿಸ್ಟರ್ ಬಸ್ಸಿಗೆ ಹೊರಟಿದ್ದಾರೆ,
ಕೊಡೆ ಮರೆತು ವಾಪಸು ಬಂದರು,
ಏಳನೇ ಹಾಸಿಗೆಯ ದಾರಿಯಾಗಿ,
ಗಡಿಯಾರ ನೋಡುತ್ತ.