ಬೀಟ್ ಪುಸ್ತಕದಲ್ಲಿ ಬರೆಯದ್ದು

ದಾವಣಗೆರೆ, ಎಪ್ಪತ್ತೊಂದರ ಡಿಸೆಂಬರ್.
ಕಾರಿನ ಕಣ್ಣಿಗೆ ಅರ್ಧ ಕಪ್ಪು ಬಳಿದಿದ್ದರು,
ಅಂಗಡಿಯ ಗಾಜಿಗೆ ಕಾರ್ಬನ್ ಕಾಗದ.
ಮಿಲ್ಲಿನ ಕೂಗಿಗೆ ಅರ್ಥವೇ ಬದಲಾಗಿ
ಮೊದಲ ದಿನ ಅದು ಊದಿದಾಗ
ಅಡಗಬೇಕಾದ ಜನ
ಬುತ್ತಿ ಹಿಡಿದು ಪಾಳಿಗೆ ಹೊರಟಿದ್ದರು.

ನಾನು ಪಿ.ಸಿ. ಮುನ್ನೂರ ಹನ್ನೆರಡು, ಕೊಟ್ರಪ್ಪ.
ಜೊತೆಗೆ, ಸ್ಟೇಷನ್ ಯಾರ್ಡು ಕಾಯಲು ಬಂದ ತುಕಡಿಯಿಂದ
ಒಬ್ಬ ಸಿಪಾಯಿ, ಗಢವಾಲದವನು, ಕಲಮ್ ಸಿಂಗ್.
ಕಲಮು ಅವನ ಹೆಸರಲ್ಲಿ, ಬರೆಯುವುದು ನನ್ನ ಕೆಲಸ.
ಅವನಿಗೆ ಕನ್ನಡ ಬಾರದು, ನನಗೆ ಅವನ ಮಾತು ಬಾರದು.
ಬೀಡಿ ಇಬ್ಬರಿಗೂ ಬರುತ್ತಿತ್ತು,
ಅದನ್ನು ಹಚ್ಚುವಂತಿರಲಿಲ್ಲ.

ಊರೆಲ್ಲ ಆರಿದ ಮೇಲೂ ಆರದ್ದು
ಮಂಡಕ್ಕಿ ಭಟ್ಟಿಗಳ ಸಾಲು.
ಹೊಟ್ಟು ಉರಿದು, ಬಾಯಿಂದ ಕೆಂಪು ಸುರಿದು
ಎದುರುಗೋಡೆ ಹಗಲಿನ ಹಾಗೆ.
"ಮ್ಯಾಲಿಂದ ಕಾಣತೈತಿ, ಆರಸ್ರಿ" ಅಂದೆ.
"ಮರಳು ಕಾಯಾಕ ಎರಡು ತಾಸು ಬೇಕು ಸಾಬ್,
ಆರಿಸಿದ್ರೆ ನಾಳೆ ಊರು ಏನು ತಿಂತೈತಿ?"
ಅಂದವಳು ಹಾಜಿರಾಬಿ, ಕೈಯ ಜರಡಿ ಕೆಳಗಿಡದೆ.

ಆ ದಿನಗಳಲ್ಲಿ ಆ ಓಣಿಯ ಬಗ್ಗೆ
ಠಾಣೆಯ ಬೆಂಚಿನ ಮೇಲೆ ಏನೇನೋ ಮಾತು ಕೂತಿರುತ್ತಿತ್ತು.
ನನ್ನ ಕಿವಿಯಲ್ಲೂ ಕೂತಿತ್ತು, ಸುಳ್ಳು ಯಾಕೆ ಹೇಳಲಿ.
ಕೊಡ ಎತ್ತಿದೆ. ಸುರಿದೆ.

ಕಾದ ಮಣ್ಣಿಗೆ ತಣ್ಣೀರು.
ಭಟ್ಟಿ ಒಡೆದ ಸದ್ದಿಗೆ
ಕಲಮ್ ಸಿಂಗ್ ನೆಲಕ್ಕೆ ಬಿದ್ದು ಬಂದೂಕು ಹಿಡಿದ.
ಆಮೇಲೆ ನಿಧಾನ ಎದ್ದು
ಮೊಳಕಾಲಿನ ಬೂದಿ ಕೊಡವಿಕೊಳ್ಳದೆ
ನನ್ನನ್ನು ನೋಡಿದ.

ಪುಸ್ತಕದಲ್ಲಿ ಬರೆದೆ: ರಾತ್ರಿ ಒಂದು ಗಂಟೆ. ಎಲ್ಲ ಶಾಂತ.

ಮಾರನೆ ಮಧ್ಯಾಹ್ನ, ಡ್ಯೂಟಿ ಇಲ್ಲದ ಹೊತ್ತು,
ಬನಿಯನ್ನಿನಲ್ಲಿ ಬಂದವನೇ
ಪ್ಯಾಂಟು ಮಡಚಿ ಮಣ್ಣು ತುಳಿಯತೊಡಗಿದ.
ಅವನಿಗೂ ಅವಳಿಗೂ ಮಾತು ಹೇಗೋ ಕೂಡಿತು,
ಅವಳ ಮನೆಮಾತು, ಅವನ ಫೌಜಿನ ಹಿಂದಿ,
ಕುಂಟುತ್ತ ಕುಂಟುತ್ತ ಒಂದೇ ದಾರಿಯಲ್ಲಿ.
ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಾನು
ಪರದೇಶಿಯಂತೆ ನಿಂತಿದ್ದೆ.
"ಏನಂತಾನೆ?" ಕೇಳಿದೆ.
"ಕುದುರೆ ಲದ್ದಿ ತರಬೇಕಂತೆ," ಅಂದಳು, "ನೀವು."

ಟಾಂಗಾ ಸ್ಟ್ಯಾಂಡಿನಿಂದ ಹೊತ್ತೆ,
ಖಾಕಿ ಚಡ್ಡಿ, ತಲೆಯ ಮೇಲೆ ಪುಟ್ಟಿ.
ಟಾಂಗಾದವರು ಬಿದ್ದು ಬಿದ್ದು ನಕ್ಕರು.
ಹನ್ನೊಂದು ವರ್ಷದ ಸರ್ವೀಸಿನಲ್ಲಿ
ಮುನ್ನೂರ ಹನ್ನೆರಡರ ಎದುರು
ಯಾರೂ ಹಲ್ಲು ಬಿಟ್ಟಿರಲಿಲ್ಲ.

ಹೊಸ ಭಟ್ಟಿಗೆ ಬಾಯಿ ಗೋಡೆಯ ಕಡೆ.
ಮುಂದೆ ಒಂದು ಮೊಳ ಅಡ್ಡಗೋಡೆ, ಮೇಲೆ ತಗಡು,
ತಗಡಿನ ಅಂಚಿಗೆ ಹಸಿ ಗೋಣಿ.
ಒಳಗೆ ಬೆಂಕಿ, ಹೊರಗೆ ಸರ್ಕಾರ ಹೇಳಿದ ಕತ್ತಲು.
ನಾನು ಯಾರಿಗೂ ಹೇಳಲಿಲ್ಲ,
ವಾರದೊಳಗೆ ಸಾಲಿನ ಅಷ್ಟೂ ಭಟ್ಟಿ ಹಾಗೇ ತಿರುಗಿದವು.
ಗಸ್ತು ಬರುವ ಮುಂಚೆ ಹುಡುಗರೇ ಓಡುತ್ತಿದ್ದರು:
"ಖಾಲಾ, ಗೋಣಿ ಒಣಗೇತಿ!"

ಅಕ್ಕಿ ಅರಳುವ ಪಟಪಟಕ್ಕೆ
ಅವನು ಕೊನೆಯವರೆಗೂ ಒಂದಿಷ್ಟು ಬೆಚ್ಚುತ್ತಿದ್ದ.
ಅವಳು ಕಾಗದದಲ್ಲಿ ಮಂಡಕ್ಕಿ ಕಟ್ಟಿ
ಹಸಿಮೆಣಸಿನಕಾಯಿ ಇಟ್ಟು ಕೊಟ್ಟಳು.
ನಾಲ್ಕಾಣೆ ಚಾಚಿದೆ, ಬೇಡ ಅಂತಾಳೆ ಅಂದುಕೊಂಡು.
ತಗೊಂಡಳು. ಎಣಿಸಿ ಚಿಲ್ಲರೆ ಕೊಟ್ಟಳು.
"ಪೊಲೀಸರಿಗೆ ಒಂದು ದಿನ ಪುಕ್ಕಟೆ ಕೊಟ್ರೆ
ಯುದ್ಧ ಮುಗಿದ ಮ್ಯಾಲೂ ನಡೀತೈತಿ."
ಸಿಪಾಯಿಯ ಹತ್ತಿರ ಕೇಳಲಿಲ್ಲ.
ಅದನ್ನೂ ನಾನು ಬರೆಯಲಿಲ್ಲ.

ಎರಡು ವಾರಕ್ಕೆ ಯುದ್ಧ ಮುಗಿಯಿತು.
ತುಕಡಿ ಯಾವ ರಾತ್ರಿ ರೈಲು ಹತ್ತಿತೋ,
ಯಾರ್ಡಿನಲ್ಲಿ ಮೂರು ಕಲ್ಲಿನ ಒಲೆ, ಒಂದು ಹರಿದ ಹಗ್ಗ.
ಬೀದಿಗೆ ಲೈಟು ಬಂದು
ಊರು ಕಣ್ಣು ಕಿರಿದು ಮಾಡಿ ನಿಂತಿತ್ತು.
ಓಣಿಗೆ ಹೋಗಿ, ಆರ್ಡರ್ ರದ್ದಾಗೈತಿ,
ಗ್ವಾಡಿ ತಗಡು ಎಲ್ಲಾ ತೆಗೀಬಹುದು ಅಂದೆ.

ಜರಡಿ ಆಡುತ್ತಲೇ ಇತ್ತು.
"ಇರಲಿ ಬಿಡ್ರಿ," ಅಂದಳು,
"ಗಾಳಿ ತಡೀತೈತಿ. ಹೊಟ್ಟು ಉಳೀತೈತಿ."